ಮನೆಗೊಂದೇ ಸೀಟು

ಹತ್ತನೇ ತರಗತಿಯ ಪರೀಕ್ಷಾ ಅರ್ಜಿಗೆ ಫೋಟೋ ತೆಗೆಯುವ ದಿನ ಸೌಂದರ್ಯಾ ಇಬ್ಬರಾಗಿ ಬಂದಳು.

ಗೋಡೆಗೆ ಬಿಳಿ ಪಂಚೆ ಕಟ್ಟಿ, ಎದುರಿಗೊಂದು ಸ್ಟೂಲು ಹಾಕಿ, ಮೊಬೈಲು ಹಿಡಿದು ನಿಂತಿದ್ದ ನಲಿನಿ ಟೀಚರಿಗೆ ಕಣ್ಣೇ ಕೈಕೊಟ್ಟಿತೇನೋ ಅನ್ನಿಸಿತು. ಅದೇ ಮುಖ, ಅದೇ ಎತ್ತರ, ಎರಡೆರಡು. ಹಿಂದೆ ತಾಯಿ ಶರಣಬಸಮ್ಮ, ಸಿಮೆಂಟು ಮೆತ್ತಿದ ಸೀರೆಯಲ್ಲಿ. ಮನೆಯಲ್ಲಿದ್ದ ಒಂದೇ ಯೂನಿಫಾರ್ಮನ್ನು ಅವಳು ಮಡಚಿ ಕೈಯಲ್ಲಿ ಹಿಡಿದಿದ್ದಳು.

“ಒಂದಿನ ಎಡಗೈಲಿ ಬರೀತಿದ್ಲು, ಒಂದಿನ ಬಲಗೈಲಿ,” ಎಂದಳು ನಲಿನಿ. “ಎರಡೂ ಕೈ ಓಡುತ್ತೆ ಅಂತ ಕ್ಲಾಸಲ್ಲಿ ಚಪ್ಪಾಳೆ ಬೇರೆ ತಟ್ಟಿಸಿದ್ದೆ ಸರ್!”

ವೀರಭದ್ರಪ್ಪನವರಿಗೆ ನಗು ಬರಲಿಲ್ಲ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಹೈದರಾಬಾದಿನ ತಾರ್ನಾಕದಲ್ಲಿ ಈ ಶಾಲೆಯ ಟ್ರಸ್ಟ್ ಕಟ್ಟಿದವರು ಅವರು. ಕಟ್ಟಡದ ಕೆಲಸಕ್ಕೆಂದು ಆ ಊರಿಗೆ ಬಂದವರ, ತೆಲುಗು ಬಾರದ ಹೆಣ್ಣುಮಕ್ಕಳನ್ನು ಕನ್ನಡದಲ್ಲೇ ಹತ್ತರವರೆಗೆ ಓದಿಸುತ್ತಿದ್ದರು. ಇದ್ದದ್ದು ನಲವತ್ತು ಸೀಟು. ಪ್ರತಿ ಜೂನ್‌ನಲ್ಲೂ ಬಾಗಿಲಿಗೆ ಬರುತ್ತಿದ್ದವರು ಮುನ್ನೂರು ತಾಯಂದಿರು. ಆದಷ್ಟು ಮನೆಗಳಿಗೆ ಸಿಗಲಿ ಎಂದು ಮನೆಗೊಂದೇ ಸೀಟು ಎಂಬ ನಿಯಮ ಮಾಡಿದ್ದರು. ಹದಿನೆಂಟು ವರ್ಷದಲ್ಲಿ ಒಬ್ಬರಿಗೂ ಅದನ್ನು ಸಡಿಲಿಸಿರಲಿಲ್ಲ. ಅದನ್ನು ಹೇಳಿಕೊಳ್ಳಲು ಅವರಿಗೆ ಯಾವ ವೇದಿಕೆಯೂ ಸಾಲುತ್ತಿರಲಿಲ್ಲ.

“ಐದು ವರ್ಷ ನಮಗೆ ಮೋಸ ಮಾಡಿದ್ರಲ್ಲಮ್ಮ.”

“ಮೋಸ ಎಲ್ಲೈತ್ರಿ ಸಾಹೇಬ್ರ? ಅವಳಿ ಅದಾವ್ರಿ, ಎರಡೂ ಸೇರಿಸ್ಕೋರಿ ಅಂತ ನಿಮ್ಮ ಕಾಲು ಹಿಡಿದಿದ್ದೆ. ‘ಒಬ್ಬಾಕಿನ್ನ ಕಳಸು, ಆಕಿ ಮನೀಗೆ ಬಂದು ಇನ್ನೊಬ್ಬಾಕಿಗೆ ಕಲಿಸ್ತಾಳ’ ಅಂದ್ರಿ. ಹಂಗ ಮಾಡೀನಿ. ಸೋಮಾರ ಹಿರೀಕಿ ಬಂದ್ರ ಮಂಗಳಾರ ಕಿರೀಕಿ. ಸಾಲಿಗೆ ಬಂದಾಕಿ ರಾತ್ರಿ ಕೂತು, ಬರಲಾರದಾಕಿಗೆ ಕಲಿಸ್ತಾಳ.”

ಅದು ಅವರದೇ ಮಾತು. ಎಷ್ಟು ಭಾಷಣಗಳಲ್ಲಿ ಅದಕ್ಕೆ ಚಪ್ಪಾಳೆ ಬಿದ್ದಿತ್ತೋ!

“ಶಾಲೆಗೆ ಬರದ ದಿನ ಇನ್ನೊಬ್ಬಳು ಏನ್ ಮಾಡ್ತಾಳೆ?”

“ದಿಲ್‌ಸುಖ್‌ನಗರದಾಗ ಒಂದು ಮನೀ ಕೆಲಸ ಐತ್ರಿ, ಬಾಂಡೆ, ಬಟ್ಟಿ. ಅವರೂ ಒಬ್ಬಾಕಿನ ಅಂತ ತಿಳಿದಾರ.”

“ಇವರಲ್ಲಿ ನಿಜವಾದ ಸೌಂದರ್ಯಾ ಯಾರು?”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಅದು ಶಾಲೆಯಲ್ಲಿ ಬರೆಸಲಿಕ್ಕೆಂದು ಇಟ್ಟ ಹೆಸರು. ಮನೆಯಲ್ಲಿ ಅವರು ಹಿರೀಕಿ, ಕಿರೀಕಿ, ಅಷ್ಟೇ.

ವೀರಭದ್ರಪ್ಪನವರು ಪರೀಕ್ಷಾ ಕಚೇರಿಗೆ ಫೋನ್ ಹಚ್ಚಿದರು. ದಾಖಲಾತಿಯಲ್ಲಿ ಇಲ್ಲದ ಮಗುವಿಗೆ ಅರ್ಜಿ ಹಾಕಲು ಬರುವುದಿಲ್ಲ, ಗಡುವು ಈ ಸಂಜೆಗೇ ಮುಗಿಯುತ್ತದೆ ಎಂದು ಅತ್ತಲಿಂದ ಬಹಳ ವಿನಯದಿಂದಲೇ ಹೇಳಿದರು. ವೀರಭದ್ರಪ್ಪನವರು ಫೋನಿಟ್ಟು, “ಇನ್ನೊಬ್ಬಳನ್ನ ಮುಂದಿನ ವರ್ಷ ನೋಡೋಣ,” ಎಂದರು.

“ಮುಂದಿನ ವರ್ಷ ಈ ಮನೆಗೆ ಇನ್ನೊಂದು ಸೀಟು ಕೊಡ್ತೀರಾ ಸರ್?” ಎಂದು ನಲಿನಿ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಅವರಿಗೆ ಹೆಚ್ಚು ನಾಟಿತು. ಈ ಜೂನ್‌ನಲ್ಲಷ್ಟೇ ಎರಡನೇ ಮಗಳನ್ನು ಕರೆತಂದಿದ್ದ ಹನ್ನೊಂದು ತಾಯಂದಿರನ್ನು ಅವರು ಬಾಗಿಲಿಂದಲೇ ಹಿಂದೆ ಕಳಿಸಿದ್ದರು.

“ಪರೀಕ್ಷೆಗೆ ಯಾರು ಅಂತ ನೀವೇ ತೀರ್ಮಾನ ಮಾಡ್ಕೊಂಡು ಬರಬೇಕಿತ್ತಮ್ಮ.”

“ರಾತ್ರಿ ಪೂರಾ ಕೂತೀನ್ರಿ. ಹಡದಾಕಿ ಕೈಲೆ ಆಗೂದಿಲ್ರಿ ಅದು,” ಎನ್ನುತ್ತ ಶರಣಬಸಮ್ಮ ಯೂನಿಫಾರ್ಮನ್ನು ಮೇಜಿನ ಮೇಲಿಟ್ಟಳು. “ಕಾಯ್ದೆ ಮಾಡಿದವ್ರು ನೀವು. ನೀವ ತೋರಿಸ್ರಿ.”

ಅವರು ಕೊನೆಯ ಪ್ರಯತ್ನವೆಂಬಂತೆ ಗಣಿತದ ಒಂದು ಪ್ರಶ್ನೆ ಕೇಳಿದರು. ಇಬ್ಬರೂ ಒಟ್ಟಿಗೇ ಉತ್ತರ ಹೇಳಿದರು. ಸರಿಯಾಗಿಯೇ ಹೇಳಿದರು. ಇಬ್ಬರಲ್ಲಿ ಒಬ್ಬಳಾದರೂ ದಡ್ಡಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿ, ವೀರಭದ್ರಪ್ಪನವರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ನೀರು ಕುಡಿದರು. ಖಾಲಿ ಸ್ಟೂಲು ನೋಡುತ್ತ ಕೂತರು.

ಕೊನೆಗೆ ಇಬ್ಬರಲ್ಲಿ ಒಬ್ಬಳು, ಯಾವಳೆಂದು ಅವರಿಗೆ ಗೊತ್ತಾಗಲಿಲ್ಲ, ಮೆಲ್ಲಗೆ ಕೇಳಿದಳು:

“ಯಾರು ಕೂಡಬೇಕು, ಲಗೂ ಹೇಳ್ರಿ ಸರ್. ಉಳಿದಾಕಿ ಬಾಂಡೆ ತಿಕ್ಕಾಕ ಹೋಗಬೇಕ್ರಿ.”