ದೂರು ಪೆಟ್ಟಿಗೆ

ಮಕ್ಕಳು ಒಬ್ಬರನ್ನೊಬ್ಬರು ಪೀಡಿಸದಂತೆ ತಡೆಯುವ ಕಾರ್ಯಕ್ರಮದ ಬಗ್ಗೆ ಶಿಕ್ಷಕರು ಅಭಿಪ್ರಾಯ ಬರೆದು ಕಳಿಸಬೇಕಿತ್ತು.

“ನಮ್ಮ ಸ್ಕೂಲಲ್ಲಿ ಆ ಕಾಯಿಲೆನೇ ಇಲ್ಲ, ಮೇಡಂ. ಅಗತ್ಯವಿಲ್ಲ ಅಂತ ಬರೀರಿ,” ಎಂದರು ಗಣಿತದ ಮೇಷ್ಟ್ರು.

ಸುಭದ್ರಾ ಟೀಚರ್ ಮನಸ್ಸು ಒಪ್ಪಲಿಲ್ಲ. ಹಟ ಹಿಡಿದು ದೂರು ಪೆಟ್ಟಿಗೆ ತೆರೆಸಿದರು. ಒಳಗೆ ಹೆಸರಿಲ್ಲದ ಒಂದೇ ಒಂದು ಚೀಟಿಯಿತ್ತು: ‘ಎಲ್ಲರೂ ನನ್ನನ್ನು ಅಡ್ಡಹೆಸರಿನಿಂದ ಕರೆಯುತ್ತಾರೆ. ಶಾಲೆಗೆ ಬರಲು ಮನಸ್ಸೇ ಆಗುವುದಿಲ್ಲ.’

ಟೀಚರ್ ಕಣ್ಣು ಒದ್ದೆಯಾಯಿತು. “ನೋಡಿದ್ರಾ ಸರ್, ಮಗು ಎಷ್ಟು ನೊಂದಿದೆ? ಇವತ್ತೇ ಇದನ್ನ ನಿಲ್ಲಿಸ್ತೀನಿ.”

“ಬರೆದಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ?”

“ದಿನಾ ಕಾಪಿ ತಿದ್ದೋಳು ನಾನು. ಅಕ್ಷರ ಗೊತ್ತಾಗಲ್ವಾ?” ಎಂದವರೇ ಬಾಗಿಲಲ್ಲಿದ್ದ ಆಯಾಳನ್ನು ಕರೆದರು. “ನಿಂಗಮ್ಮಾ, ಏಳನೇ ಕ್ಲಾಸಿಗೆ ಹೋಗಿ ಆ ಕೊಕ್ಕರೇನ ಕರ್ಕೊಂಡು ಬಾ.”