ಬೆನ್ನ ಹಿಂದಿನ ನೀರು

"ಗೋಡೆ ಮುಟ್ಟಬೇಡ, ಬಣ್ಣ ಹತ್ತುತ್ತೆ. ಬಾಡಿಗೆ ಮನೆ ಇದು," ಎಂದಳು ಮಹ್‌ಗುಲ್.

ಮಗಳು ಶಕೀಬಾ ತೋಳುಗಳನ್ನು ಮೈಗೆ ತಾಗಿಸದೆ ಕೋಣೆಯ ನಡುವೆ ನಿಂತಿದ್ದಳು. ಇವತ್ತು ಅಲ್ಮಾಟಿ ನಗರದ ದೇಹದಾರ್ಢ್ಯ ಸ್ಪರ್ಧೆ. ವೇದಿಕೆಯ ಬೆಳಕಿನಲ್ಲಿ ಒಂದೊಂದು ಸ್ನಾಯುವೂ ಎದ್ದು ಕಾಣಲೆಂದು ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡಿದ್ದಳು. ಹನಿ ನೀರು ಸಿಡಿದರೂ ಅದು ಕಿತ್ತುಬರುತ್ತದೆ ಎಂದು ಬೆಳಗಿನಿಂದ ಅಮ್ಮನಿಗೆ ಹೇಳಿ ಹೇಳಿ ಸಾಕಾಗಿತ್ತು. ಸ್ನಾಯು ಬಿಗಿಯಾಗಲಿ ಎಂದು ನಿನ್ನೆಯಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಇವತ್ತು ಗೆದ್ದರೆ ವ್ಯಾಯಾಮಶಾಲೆಯ ನೆಲ ಒರೆಸುವುದು ತಪ್ಪುತ್ತದೆ. ಅಲ್ಲಿಯೇ ಹೆಂಗಸರಿಗೆ ಕಲಿಸುವ ಕೆಲಸ ಸಿಗುತ್ತದೆ.

"ಬಾಣಲೆ ತಳದ ಹಾಗಿದ್ದೀಯ. ನಿನ್ನ ಯಾರು ನೋಡ್ತಾರೋ."

"ನೋಡಲಿ ಅಂತಾನೇ ಬಳ್ಕೊಂಡಿರೋದಮ್ಮ."

"ಅದೇ ನನ್ನ ಸಂಕಟ. ನಮ್ಮೂರು ಹೆರಾತಲ್ಲಿ ನಿನ್ನ ಮುಂಗೈ ಕಂಡ್ರೂ ಚಾದರ ಎಳೀತಿದ್ದೆ. ಇಲ್ಲಿ ಊರಿಗೆಲ್ಲ ತೊಡೆ ತೋರಿಸೋಕೆ ಹೊರಟಿದ್ದೀಯ."

"ಊರು ಬಿಟ್ಟು ಓಡಿಬರುವಾಗ ಗಡಿ ಹತ್ರ ನಿನ್ನ ಮೊಣಕಾಲು ಸೋತಾಗ, ನಿನ್ನ ಹೊತ್ಕೊಂಡು ಗುಡ್ಡ ಹತ್ತಿದ್ದು ಇದೇ ತೊಡೆ."

 ಮಹ್‌ಗುಲ್ ಮಾತಿನಲ್ಲಿ ಸೋಲುವ ಹೆಂಗಸಲ್ಲ. "ಹೋಗು ಹಾಗಾದ್ರೆ. ನಿನ್ನ ಹಿಂದೆ ನಾನು ನೀರು ಎರಚಲ್ಲ."

 ದೊಡ್ಡ ಕೆಲಸಕ್ಕೆ ಹೊರಟ ಮಕ್ಕಳ ಬೆನ್ನ ಹಿಂದೆ ಒಂದು ಬಟ್ಟಲು ನೀರು ಎರಚದೆ ಹೆರಾತಿನ ಯಾವ ತಾಯಿಯೂ ಕಳಿಸುವುದಿಲ್ಲ. ಎರಚಿದರೆ ಹೋದವರು ಕ್ಷೇಮವಾಗಿ ಮರಳುತ್ತಾರೆ. ಹೆರಾತ್ ಬಿಟ್ಟ ದಿನ ಓಣಿಗೆ ಓಣಿಯೇ ಖಾಲಿಯಾಗಿತ್ತು. ಇವರ ಹಿಂದೆ ನೀರು ಎರಚಲು ನರಪಿಳ್ಳೆಯೂ ಇರಲಿಲ್ಲ. ಅದಕ್ಕೇ ತಮಗೆ ಮರಳುವ ದಾರಿ ಮುಚ್ಚಿತು ಎಂದು ಮಹ್‌ಗುಲ್ ಇವತ್ತಿಗೂ ನಂಬಿದ್ದಳು.

ಹೊರಗೆ ತರಬೇತಿಗಾರ್ತಿ ಸೌಲೆಯ ಕಾರು ಹಾರ್ನ್ ಹಾಕಿತು. ಶಕೀಬಾ ಸಡಿಲ ನಿಲುವಂಗಿ ಹೊದ್ದು ಹೊಸಿಲು ದಾಟಿದಳು. ತಾಯಿ ಅಡುಗೆಮನೆಯಿಂದ ತುಂಬಿದ ಬಟ್ಟಲು ಹಿಡಿದು ಬಂದಳು.

"ಇವತ್ತು ಕುಡಿಯೋ ಹಾಗಿಲ್ಲಮ್ಮ."

"ನಿನಗ್ಯಾರು ಕೊಟ್ರು?"

ಅಂಗಳದಲ್ಲಿ ಶಕೀಬಾ ಬೇಕೆಂದೇ ನಿಧಾನವಾಗಿ ನಡೆದಳು. ಹಿಂದೆ ನೀರು ಬೀಳುವ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿತ್ತು. ಸದ್ದಾಗಲಿಲ್ಲ. ಗೇಟು ದಾಟಿ, ಕಾರಿನಲ್ಲಿ ಹಾಸಿದ್ದ ಹಳೆಯ ದುಪ್ಪಟಿಯ ಮೇಲೆ ಕೂತಳು. ಇನ್ನು ಗೆದ್ದರೆಷ್ಟು, ಸೋತರೆಷ್ಟು ಎನ್ನಿಸಿತು. ಬಾಗಿಲು ಹಾಕಿಕೊಂಡು ನೋಡಿದರೆ ತಾಯಿ ಕುಂಟುತ್ತ ಗೇಟಿನವರೆಗೆ ಬಂದಿದ್ದಳು. ಬಟ್ಟಲು ತುಂಬಿಯೇ ಇತ್ತು.

"ಗಾಜು ಏರಿಸೇ," ಎಂದಳು ಮಹ್‌ಗುಲ್.

"ಯಾಕಮ್ಮ?"

"ಹನಿ ಸಿಡಿದ್ರೆ ಬಣ್ಣ ಹೋಗುತ್ತೆ ಅಂತ ಬೆಳಗಿಂದ ಬಡ್ಕೊಂಡಿದ್ದು ನೀನೇ ಅಲ್ವಾ?"

ಶಕೀಬಾ ಗಾಜು ಏರಿಸಿದಳು. ಕಾರು ಹೊರಟಿತು. ಗಂಟಲು ಒಣಗಿಸಿಕೊಂಡು ಕೂತವಳಿಗೆ ಹಿಂದಿನ ಗಾಜಿನಲ್ಲಿ ಕಂಡಿತು: ಅಮ್ಮ ಬಟ್ಟಲನ್ನು ರಸ್ತೆಗೆ ಬೋರಲು ಹಾಕಿ, ಕೊನೆಯ ಹನಿಯೂ ಬೀಳಲೆಂದು ಕೊಡವುತ್ತಿದ್ದಳು.