ವಿಳಾಸದ ಸಾಲು

ಒಂದೇ ಇಂಜೆಕ್ಷನ್ ಎರಡು ಸಲ ಕೊಟ್ಟಿದ್ದರಿಂದ ರೋಗಿ ಸತ್ತಿದ್ದ. ಕಂಪ್ಯೂಟರಿನಲ್ಲಿ ಆರ್ಡರ್ ಎರಡು ಸಲ ದಾಖಲಾಗಿತ್ತು. ಆಸ್ಪತ್ರೆಯ ವಿಚಾರಣೆಗೆ ನರ್ಸನ್ನು ಕರೆದಿದ್ದರು, ಆರ್ಡರ್ ದಾಖಲಿಸುವ ಜಾವಾ ಪ್ರೋಗ್ರಾಮ್ ಬರೆದ ಎಂಜಿನಿಯರನ್ನೂ.

"ನಾನು ಸೇವ್ ಒತ್ತಿದ್ದು ಒಂದೇ ಸಲ," ಎಂದಳು ನರ್ಸ್. "ಆಮೇಲೆ ಲ್ಯಾಬ್ ರಿಪೋರ್ಟ್ ಬಂತಾ ಅಂತ ನೋಡೋಕೆ ರಿಫ್ರೆಶ್ ಮಾಡಿದೆ, ಅಷ್ಟೇ."

ಎಂಜಿನಿಯರ್ ವಿಚಾರಣಾ ಸಮಿತಿಯ ಅಧ್ಯಕ್ಷರ ಕಡೆ ತಿರುಗಿದ. "ಪ್ರೋಗ್ರಾಮಿನಲ್ಲಿ ಫಾರ್ವರ್ಡ್ ಅಂತ ಬರೆದಿದ್ರೆ ರಿಫ್ರೆಶ್ ಮಾಡಿದ್ದಕ್ಕೇ ಆರ್ಡರ್ ಎರಡಾಗ್ತಿತ್ತು ಸರ್. ಅದರಲ್ಲಿ ಸರ್ವರ್ ಒಳಗಿಂದೊಳಗೇ ಮುಂದಿನ ಪುಟ ತೋರಿಸುತ್ತೆ, ಬ್ರೌಸರಿಗೆ ಗೊತ್ತೇ ಆಗಲ್ಲ. ಪರದೆಯ ಮೇಲೆ ವಿಳಾಸದ ಸಾಲಿನಲ್ಲಿ 'ಸೇವ್' ಅಂತಲೇ ಇರುತ್ತೆ. ರಿಫ್ರೆಶ್ ಮಾಡಿದ್ರೆ ಅದೇ ಆರ್ಡರ್ ಇನ್ನೊಂದು ಸಲ ಹೋಗುತ್ತೆ. ನಮ್ಮದು ರೀಡೈರೆಕ್ಟ್. ಸೇವ್ ಆದ ಕೂಡಲೇ ಬ್ರೌಸರನ್ನೇ ಬೇರೆ ವಿಳಾಸಕ್ಕೆ, ಆರ್ಡರ್ ಲಿಸ್ಟಿಗೆ, ಕಳಿಸಿಬಿಡುತ್ತೆ. ನೋಡಿ."

ಅವನು ಅಲ್ಲಿದ್ದ ಕಂಪ್ಯೂಟರಿನಲ್ಲಿ ಒಂದು ಆರ್ಡರ್ ತುಂಬಿ ಸೇವ್ ಒತ್ತಿದ. ವಿಳಾಸದ ಕೊನೆಯಲ್ಲಿ 'ಲಿಸ್ಟ್' ಎಂದು ಬಂತು. ಹತ್ತು ಸಲ ರಿಫ್ರೆಶ್ ಮಾಡಿದ. ಆರ್ಡರ್ ಒಂದೇ ಇತ್ತು.

ಅಧ್ಯಕ್ಷರು ಕನ್ನಡಕ ತೆಗೆದರು. "ಅಂದ್ರೆ ಸಿಸ್ಟರ್, ಎರಡು ಸಲ ಹಾಕಿದ್ದು ನೀವೇ."

ನರ್ಸ್ ಎಂಜಿನಿಯರನ್ನು ಕೇಳಿದಳು. "ಆವತ್ತೂ ಹೀಗೇ ಇತ್ತಾ ಸರ್?"

"ಮೊದಲ ದಿನದಿಂದಲೂ ಹೀಗೇ. ಒಂದಕ್ಷರ ಬದಲಾಗಿಲ್ಲ."

ಆರ್ಡರ್ ಹಾಕಿದ ಮೇಲೆ ಪರದೆಯ ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡುವುದು ಆ ವಾರ್ಡಿನ ರೂಢಿ. ಅವಳು ಆ ದಿನದ ಫೋಟೋ ತೆರೆದು ಮೊಬೈಲನ್ನು ಅಧ್ಯಕ್ಷರ ಮುಂದಿಟ್ಟಳು.

'ಆರ್ಡರ್ ದಾಖಲಾಗಿದೆ' ಎಂಬ ಮಾತಿನ ಮೇಲೆ, ವಿಳಾಸದ ಕೊನೆಯಲ್ಲಿ, 'ಸೇವ್' ಎಂದಿತ್ತು.